ಕಲ್ಯಾಣದ ರಾಟೆ, ಕುರಿಗಾಹಿಯ ಕದಿರು

ಹಳೆಯ ಮನೆಗಳ ಟ್ರಂಕು ತೆರೆದು ನೋಡಿದವರಿಗೆ ಆಲ್ಪಾಕಾ ಕೋಟಿನ ಪರಿಚಯ ಮಾಡಿಕೊಡಬೇಕಾದುದಿಲ್ಲ. ಕರಿಯ ಬಣ್ಣ, ಹಗುರವಾದ ಮೈ, ಬೆಳಕಿಗೆ ಹಿಡಿದರೆ ಮೆಲ್ಲನೆ ಮಿನುಗುವ ಹೊಳಪು, ಮಡಿಕೆ ಮಡಿಕೆಯಲ್ಲೂ ನುಸಿಗುಳಿಗೆಯ ವಾಸನೆ. ಒಂದು ಕಾಲಕ್ಕೆ ವಕೀಲರು, ಶಾಲಾ ಮಾಸ್ತರರು, ಕಚೇರಿಯ ಗುಮಾಸ್ತರು ಇದನ್ನು ತೊಡದೆ ಹೊಸ್ತಿಲು ದಾಟುತ್ತಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಕೋಟಿನ ಜಾಗಕ್ಕೆ ಶೇರವಾನಿ ಬಂದಿತು. ಬಟ್ಟೆ ಮಾತ್ರ ಅದೇ ಆಲ್ಪಾಕಾ. ಇಷ್ಟು ಮಾನ್ಯತೆ ಪಡೆದ ಈ ಹೆಸರು ಒಂದು ಪ್ರಾಣಿಯದೆಂಬುದು ಅದನ್ನು ತೊಟ್ಟವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ಆಲ್ಪಾಕಾ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಸಾಕುಪ್ರಾಣಿ. ಒಂಟೆಯ ಕುಲಕ್ಕೆ ಸೇರಿದ್ದು, ಆದರೆ ಡುಬ್ಬವಿಲ್ಲ. ಕುರಿಗಿಂತ ತುಸು ದೊಡ್ಡದು, ಕತ್ತು ನೀಳ. ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ ಹನ್ನೆರಡು ಹದಿಮೂರು ಸಾವಿರ ಅಡಿ ಎತ್ತರದ ಹುಲ್ಲುಗಾವಲುಗಳಲ್ಲಿ ಇದರ ಮಂದೆಗಳು ಮೇಯುತ್ತವೆ. ವಿಕೂನ್ಯಾ ಎಂಬ ಕಾಡುಪ್ರಾಣಿಯನ್ನು ಆರೇಳು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಜನ ಪಳಗಿಸಿ ಆಲ್ಪಾಕಾವನ್ನು ಪಡೆದರೆಂದು ಪಂಡಿತರ ಮತ. ಇಂಕಾ ಅರಸರ ಕಾಲದಲ್ಲಿ ಇದರ ನೂಲಿಗೆ ಇದ್ದ ಬೆಲೆಯನ್ನು ನಾವು ಊಹಿಸುವುದು ಕಷ್ಟ. ಪ್ರಜೆಗಳು ತೆರಿಗೆಯ ರೂಪದಲ್ಲಿ ನೂತು ನೇಯ್ದು ಕೊಡಬೇಕಾಗಿತ್ತು. ಅತಿ ನಯವಾದ ‘ಕುಂಬಿ’ ಬಟ್ಟೆಯನ್ನು ನೇಯುವುದಕ್ಕೆಂದೇ ನಾಡಿನಿಂದ ಆಯ್ದ ಕನ್ಯೆಯರನ್ನು ಪ್ರತ್ಯೇಕ ಮಠಗಳಲ್ಲಿ ಇರಿಸಿದ್ದರು. ಅರಸನು ಸಾಮಂತರಿಗೆ ಮೆಚ್ಚಿ ಕೊಡುವ ದೊಡ್ಡ ಉಡುಗೊರೆಯೆಂದರೆ ಆ ಬಟ್ಟೆ. ಲಿಪಿಯಿಲ್ಲದ ಆ ಸಾಮ್ರಾಜ್ಯ ತನ್ನ ಲೆಕ್ಕಪತ್ರಗಳನ್ನು ಸಹ ದಾರಕ್ಕೆ ಗಂಟು ಹಾಕಿಯೇ ಇಟ್ಟಿತು.

ಆ ನೂಲನ್ನೆಲ್ಲ ತೆಗೆದ ಸಾಧನ ಒಂದು ಕಡ್ಡಿ, ಅದರ ಬುಡಕ್ಕೊಂದು ಬಿಲ್ಲೆ. ನಮ್ಮ ಕದಿರೇ ಸರಿ. ಮಂದೆಯ ಹಿಂದೆ ನಡೆಯುತ್ತ, ಬೆನ್ನಿಗೆ ಕೂಸು ಕಟ್ಟಿಕೊಂಡು, ಕೈಯಲ್ಲಿ ಕದಿರು ತಿರುಗಿಸುವ ಹೆಂಗಸರನ್ನು ಆಂಡೀಸಿನ ಹಳ್ಳಿಗಳಲ್ಲಿ ಈಗಲೂ ಕಾಣಬಹುದು. ಸೂಜಿಗಳಿಂದ ಹೆಣೆಯುವುದು ಮಾತ್ರ ಅವರದಲ್ಲ; ೧೫೩೨ರಲ್ಲಿ ಸ್ಪೇನಿನವರು ಪೆರುವಿಗೆ ನುಗ್ಗಿದ ಮೇಲೆ ಬಂದ ವಿದ್ಯೆ ಅದು. ಟಿಟಿಕಾಕಾ ಸರೋವರದ ತಾಕಿಲೆ ದ್ವೀಪದಲ್ಲಿ ಈ ಹೆಣಿಗೆ ಗಂಡಸರ ಕಸುಬಾಗಿ ಬೇರೂರಿದೆ. ಟೋಪಿ ಹೆಣೆಯಲು ಬಾರದ ಗಂಡಿಗೆ ಅಲ್ಲಿ ಮರ್ಯಾದೆಯಿಲ್ಲ. ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆ ಆ ದ್ವೀಪದ ನೇಯ್ಗೆ ಹೆಣಿಗೆಗಳನ್ನು ಮಾನವಕುಲದ ಪರಂಪರೆಯೆಂದು ಸಾರಿತು. ನಮ್ಮಲ್ಲಿಯೂ ಸ್ವೆಟರು ಹೆಣೆಯುವ ಸೂಜಿ ಪರದೇಶದವರೊಡನೆ ಬಂದುದೇ. ೧೯೬೨ರಲ್ಲಿ ಚೀನದೊಡನೆ ಯುದ್ಧವಾದಾಗ ಪಟ್ಟಣಗಳ ಗೃಹಿಣಿಯರು ಜವಾನರಿಗಾಗಿ ಹಗಲಿರುಳು ಸ್ವೆಟರು ಹೆಣೆದರು. ಆದರೆ ಹೆಣೆಯುವುದು ಒಂದು, ನೂಲುವುದು ಇನ್ನೊಂದು. ಅಂಗಡಿಯಿಂದ ಉಂಡೆ ತಂದು ಹೆಣೆದವರು ಲಕ್ಷ ಮಂದಿ. ಆ ಉಂಡೆ ಹೇಗಾಯಿತೆಂದು ಕೇಳಿದವರು ವಿರಳ.

ಯೂರೋಪಿನ ಗಿರಣಿಗಳಿಗೆ ಆಲ್ಪಾಕಾದ ಉಣ್ಣೆ ಬಹುಕಾಲ ಒಗ್ಗಲಿಲ್ಲ. ೧೮೩೬ರಲ್ಲಿ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಟೈಟಸ್ ಸಾಲ್ಟ್ ಎಂಬ ಉದ್ಯಮಿ ಲಿವರ್‌ಪೂಲಿನ ಉಗ್ರಾಣವೊಂದರಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಆಲ್ಪಾಕಾ ಮೂಟೆಗಳನ್ನು ಕೊಂಡುಕೊಂಡನು. ಹತ್ತಿಯ ಹಾಸಿಗೆ ಆಲ್ಪಾಕಾದ ಹೊಕ್ಕು ಕೊಟ್ಟು ನೇಯಿಸಿದಾಗ ರೇಷ್ಮೆಯ ಹೊಳಪೂ ಉಣ್ಣೆಯ ಬಾಳಿಕೆಯೂ ಉಳ್ಳ ಬಟ್ಟೆ ಹೊರಬಂದಿತು. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಈ ಪ್ರಸಂಗದ ವಿನೋದಭರಿತ ವರ್ಣನೆಯುಂಟು. ೧೮೪೮ರ ಹೊತ್ತಿಗೆ ಛತ್ರಿಗಳಿಗೂ ಆಲ್ಪಾಕಾ ಬಟ್ಟೆ ಹೊದಿಸತೊಡಗಿದರು. ೧೮೫೩ರಲ್ಲಿ ಸಾಲ್ಟನು ತನ್ನ ಹೆಸರಿನಲ್ಲಿಯೇ ಸಾಲ್ಟೇರ್ ಎಂಬ ಗಿರಣಿ ಊರನ್ನು ತೆರೆದನು. ಅಲ್ಲಿಂದ ಹೊರಟ ತಾನುಗಳೂ, ಅವುಗಳನ್ನು ನೋಡಿ ಇತರ ಗಿರಣಿಗಳು ನೇಯ್ದ ತಾನುಗಳೂ ಹಡಗು ಹತ್ತಿ ಮುಂಬಯಿಗೆ, ಮುಂಬಯಿಯಿಂದ ನಮ್ಮ ದರ್ಜಿಗಳ ಕತ್ತರಿಗೆ ಬಂದವು. ಒಂದು ತಮಾಷೆಯ ಸಂಗತಿ: ಕ್ರಮೇಣ ಮೇಕೆಯ ಕೂದಲು, ಹೊಳಪುಳ್ಳ ಇಂಗ್ಲಿಷ್ ಕುರಿಯ ಉಣ್ಣೆ, ಕೊನೆಗೆ ಕೃತಕ ರೇಷ್ಮೆ ಸಹ ಆ ಬಟ್ಟೆಯೊಳಗೆ ಸೇರಿಕೊಂಡು, ಆಲ್ಪಾಕಾ ಎಂಬುದು ನೇಯ್ಗೆಯ ಹೆಸರಾಗಿ ಉಳಿದು ಪ್ರಾಣಿಯ ಗುರುತು ಹೊರಟುಹೋಯಿತು. ನಮ್ಮ ಅಜ್ಜಂದಿರ ಕೋಟಿನಲ್ಲಿ ಆಂಡೀಸಿನ ಎಳೆ ಎಷ್ಟಿತ್ತೆಂಬುದನ್ನು ಕೆದಕದಿರುವುದೇ ಲೇಸು.

ಪ್ರಾಣಿಯನ್ನೇ ಬೇರೆ ನಾಡಿಗೆ ಒಯ್ದು ಸಾಕುವ ಯತ್ನಗಳೂ ನಡೆದವು. ಚಾರ್ಲ್ಸ್ ಲೆಜರ್ ಎಂಬ ಸಾಹಸಿ ಪೆರು ಸರಕಾರದ ನಿಷೇಧವನ್ನು ತಪ್ಪಿಸಿ ೧೮೫೮ರಲ್ಲಿ ಒಂದು ಹಿಂಡನ್ನು ಆಸ್ಟ್ರೇಲಿಯದ ಸಿಡ್ನಿಗೆ ಮುಟ್ಟಿಸಿದನು. ಕೆಲವೇ ವರ್ಷಗಳಲ್ಲಿ ಆ ಉದ್ಯಮ ಮುಗ್ಗರಿಸಿತು. ಅದೇ ಸುಮಾರಿಗೆ ಪೆರುವಿನ ಸಿಂಕೋನಾ ಗಿಡಗಳು ಕ್ಲೆಮೆಂಟ್ಸ್ ಮಾರ್ಕಮ್ಮನ ಕೈಯಿಂದ ನೀಲಗಿರಿಗೆ ಬಂದು ನಮ್ಮ ಮಲೇರಿಯಾಕ್ಕೆ ಮದ್ದಾದವು. ಆಂಡೀಸಿನ ಆಲೂಗಡ್ಡೆಯಂತೂ ನಮ್ಮ ಉಪವಾಸದ ಫಲಾಹಾರಕ್ಕೂ ಮಡಿಯಾಗಿ ಹೋಗಿದೆ. ಬರಲಿಲ್ಲವಾದುದು ಆಲ್ಪಾಕಾ ಒಂದೇ.

ಬರಬೇಕಾದ ಅಗತ್ಯವೂ ಇರಲಿಲ್ಲವೆನ್ನಿ. ಬೀದರ ಜಿಲ್ಲೆಯ ಹುಮನಾಬಾದ, ಬಸವಕಲ್ಯಾಣ ತಾಲ್ಲೂಕುಗಳ ಚಳಿ ಬೆಂಗಳೂರಿನವರು ತಿಳಿದಷ್ಟು ಸೌಮ್ಯವಲ್ಲ. ಎರಡು ಸಾವಿರ ಅಡಿಗೂ ಮೇಲಿನ ಬಯಲು ಅದು. ಪುಷ್ಯ ಮಾಘಗಳಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ಬೀದರಿನಲ್ಲಿ ದಾಖಲಾಗುವುದು ಮಾಮೂಲು. ಆ ಚಳಿಗೂ, ಆಷಾಢ ಶ್ರಾವಣದ ಮಳೆಗೂ ಅಲ್ಲಿಯವರಿಗೆ ಉತ್ತರವಾಗಿ ಬಂದುದು ದಖನಿ ಕುರಿ. ಅದರ ಉಣ್ಣೆಯ ಕರಿ ಕಂಬಳಿ. ಹುಮನಾಬಾದ ತಾಲ್ಲೂಕಿನ ಘಾಟಬೋರಾಳದಂತಹ ಊರುಗಳು ಮೂರು ಭಾಷೆಗಳ ಸೀಮೆಗೆ ಹತ್ತಿರದವು. ಕನ್ನಡದವರ ಕಂಬಳಿಯನ್ನು ತೆಲುಗರು ಗೊಂಗಡಿ ಎನ್ನುತ್ತಾರೆ, ಮರಾಠಿಗರು ಘೋಂಗಡಿ ಎನ್ನುತ್ತಾರೆ, ವಸ್ತು ಒಂದೇ. ೧೯೪೮ರವರೆಗೆ ಈ ಸೀಮೆ ಹೈದರಾಬಾದ ಸಂಸ್ಥಾನದಲ್ಲಿದ್ದು, ೧೯೫೬ರಲ್ಲಿ ವಿಶಾಲ ಮೈಸೂರಿಗೆ ಸೇರಿತು. ಸಂಸ್ಥಾನದ ದಿನಗಳ ತಾಲ್ಲೂಕು ಕಚೇರಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ನನಗೆ ಕಾಣುವುದು ಎರಡು ಉಣ್ಣೆಗಳು. ಕಟ್ಟೆಯ ಮೇಲೆ ಆಲ್ಪಾಕಾ ಶೇರವಾನಿ. ಕಟ್ಟೆಯ ಕೆಳಗೆ, ಮಳೆಯಲ್ಲಿ, ಕಂಬಳಿಯ ಕೊಪ್ಪೆ. ಒಂದನ್ನು ಸಾವಿರಾರು ಮೈಲಿ ಆಚೆಯ ಯಂತ್ರ ನೂತಿತ್ತು. ಇನ್ನೊಂದನ್ನು ಆ ಕೊಪ್ಪೆ ಹೊದ್ದವನ ಹೆಂಡತಿಯೋ ತಾಯಿಯೋ ನೂತಿದ್ದಳು.

ಕಂಬಳಿಯನ್ನು ಒರಟು ಎನ್ನುವುದು ಸುಲಭ. ಒರಟೇನೋ ಹೌದು. ದಖನಿ ಕುರಿಯ ಎಳೆಯ ದಪ್ಪ ಸರಾಸರಿ ೫೦ ಮೈಕ್ರಾನ್. ಎಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಐವತ್ತು ಪಾಲು. ಒಳ್ಳೆಯ ಆಲ್ಪಾಕಾ ೨೦ರಿಂದ ೩೦ರೊಳಗೆ ಇರುತ್ತದೆ. ಆದರೆ ಈ ಒರಟುತನದಲ್ಲಿಯೇ ಕಂಬಳಿಯ ಗುಣವಿದೆ. ಕುರಿಯ ಉಣ್ಣೆಯಲ್ಲಿ ಸಹಜವಾದ ಜಿಡ್ಡುಂಟು. ಮಳೆಯ ಹನಿ ಅದರ ಮೇಲೆ ಜಾರುತ್ತದೆ. ಕುರಿಯನ್ನು ಹಳ್ಳದಲ್ಲಿ ಮೈ ತೊಳೆದು, ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು. ಅದರ ಕಂಬಳಿಗೆ ಬೆಲೆ ಹೆಚ್ಚು. (ಪರದೇಶದ ಅಂಗಡಿಗಳಲ್ಲಿ ‘ಬೇಬಿ ಆಲ್ಪಾಕಾ’ ಎಂದು ಮಾರುವುದು ಬಹುತೇಕ ಮರಿಯ ಉಣ್ಣೆಯೇ ಅಲ್ಲ, ನವಿರಾದ ದರ್ಜೆಗೆ ಇಟ್ಟ ಹೆಸರು. ನಮ್ಮ ಕುರುಬರು ಅಷ್ಟು ಜಾಣರಾಗಲಿಲ್ಲ.) ಕತ್ತರಿಸಿದ ಉಣ್ಣೆಯನ್ನು ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸಿ, ಬಿಲ್ಲಿನ ಹೆದೆಯಿಂದ ಎಕ್ಕಿ, ಹಿಂಜಿ, ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಬಿಗಿಯುತ್ತಾರೆ. ನೇಯುವವನು ಗಂಡಸು, ಮಗ್ಗ ಅವನದು. ಆದುದರಿಂದ ಕಂಬಳಿ ನೇಯುವವರು ಎಂದೊಡನೆ ನಮ್ಮ ಕಣ್ಣಿಗೆ ಗಂಡಸೇ ಕಾಣುತ್ತಾನೆ. ಒಂದು ಮಗ್ಗದ ಹೊಟ್ಟೆ ತುಂಬಿಸಲು ಎಷ್ಟು ಕೈಗಳು ಎಷ್ಟು ದಿನ ನೂಲಬೇಕೆಂಬುದು ಲೆಕ್ಕಕ್ಕೆ ಬರುವುದೇ ಇಲ್ಲ.

ಇತಿಹಾಸವೂ ಈ ಲೆಕ್ಕವನ್ನು ಇಡಲಿಲ್ಲ. ಹನ್ನೊಂದನೆಯ ಶತಮಾನದಿಂದ ಚಾಲುಕ್ಯರಿಗೆ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದನಷ್ಟೆ. ಅದರಲ್ಲಿ ಅರಸನ ವಸ್ತ್ರಭೋಗಕ್ಕೆ ಒಂದು ಪ್ರಕರಣವೇ ಉಂಟು. ಯಾವ ಯಾವ ದೇಶದಿಂದ ಬಟ್ಟೆ ಬರುತ್ತಿತ್ತು, ಹತ್ತಿ, ರೇಷ್ಮೆ, ರೋಮದ ಬಟ್ಟೆಗಳನ್ನು ಯಾವ ಋತುವಿಗೆ ಹೇಗೆ ಉಡಬೇಕು, ಎಲ್ಲವನ್ನೂ ಆ ಅರಸ ಬಣ್ಣಿಸಿದ್ದಾನೆ. ನೂತವರ ಮಾತು ಬೇಕಾದರೆ ಇನ್ನು ಕೆಲವು ದಶಕಗಳು ಕಾಯಬೇಕು.

ಆ ಮಾತು ಬಂದುದು ಅದೇ ಕಲ್ಯಾಣದ ಶರಣರಿಂದ. ಹುಲ್ಲನ್ನು ಹೊಸೆದು ಹಗ್ಗ ಮಾಡುತ್ತಿದ್ದ ನುಲಿಯ ಚಂದಯ್ಯನ ಹೆಸರಿನ ಗವಿಯನ್ನು ಬಸವಕಲ್ಯಾಣದಲ್ಲಿ ಈಗಲೂ ತೋರಿಸುತ್ತಾರೆ. ಗೊಲಗೇರಿಯ ವೀರಗೊಲ್ಲಾಳ ಕುರಿ ಕಾಯ್ದವನು. ಇವರ ನಡುವೆ ಕದಿರ ರೆಮ್ಮವ್ವೆ ಎಂಬೊಬ್ಬ ಹೆಂಗಸು. ನೂಲುವುದು ಆಕೆಯ ಕಾಯಕ. ಹೆಸರಿನಲ್ಲಿಯೇ ಕದಿರು ಉಂಟು. ಆಕೆಯ ವಚನಗಳು ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದರಲ್ಲಿ ತಾನು ತಿರುಗಿಸುವ ರಾಟೆಯ ಅಂಗಾಂಗಗಳನ್ನು ಒಂದೊಂದಾಗಿ ಎತ್ತಿ ಹೇಳಿ, ತಳದ ಹಲಗೆಯಿಂದ ಹಿಡಿದು ಒಂದೊಂದರಲ್ಲಿಯೂ ದೇವರನ್ನು ಕಾಣುತ್ತಾಳೆ. ಭಕ್ತಿಯ ದೃಷ್ಟಿಯಿಂದ ಓದುವವರು ಅಷ್ಟಕ್ಕೆ ನಿಲ್ಲುತ್ತಾರೆ. ಆದರೆ ಇತಿಹಾಸಕಾರರಿಗೆ ಈ ಸಣ್ಣ ವಚನ ದೊಡ್ಡ ಜಗಳವನ್ನೇ ತಂದಿಟ್ಟಿತು.

ಜಗಳದ ಹುರುಳು ಇದು. ಭಾರತಕ್ಕೆ ಚರಕ ಯಾವಾಗ ಬಂದಿತು? ಗಾಂಧೀಜಿಯವರ ಪ್ರಭಾವದಿಂದ ನಾವೆಲ್ಲ ಅದನ್ನು ಅನಾದಿಯೆಂದೇ ನಂಬಿದ್ದೇವೆ. ಇರ್ಫಾನ್ ಹಬೀಬರು ೧೯೬೯ರಲ್ಲಿ ಈ ನಂಬಿಕೆಯನ್ನು ಅಲುಗಿಸಿದರು. ಪ್ರಾಚೀನ ಭಾರತದಲ್ಲಿದ್ದುದು ಕೈಗದಿರು ಮಾತ್ರ, ಚಕ್ರವುಳ್ಳ ರಾಟೆ ತುರ್ಕರ ಕಾಲದಲ್ಲಿ ಹೊರಗಿನಿಂದ ಬಂದಿತು ಎಂಬುದು ಅವರ ವಾದ. ಆಧಾರವಾಗಿ ಅವರು ತೋರಿಸಿದುದು ಇಸಾಮಿ ಎಂಬ ಪಾರಸಿ ಕವಿಯ ‘ಫುತೂಹುಸ್ಸಲಾತೀನ್’ ಕಾವ್ಯ. ಸುಲ್ತಾನೆ ರಜಿಯಾಳ ಪ್ರಸಂಗದಲ್ಲಿ, ಹೆಂಗಸಿಗೆ ಸಿಂಹಾಸನವಲ್ಲ ಚರಕವೇ ತಕ್ಕುದೆಂದು ಆ ಕವಿ ಗೊಣಗುತ್ತಾನೆ. ಅದು ಮುಗಿದುದು ೧೩೫೦ರಲ್ಲಿ. ಕುತೂಹಲವೆಂದರೆ ಇಸಾಮಿ ಆ ಕಾವ್ಯವನ್ನು ಒಪ್ಪಿಸಿದುದು ದಿಲ್ಲಿಯ ಸುಲ್ತಾನನಿಗಲ್ಲ. ಆಗತಾನೆ ಪಟ್ಟವೇರಿ ಕಲಬುರ್ಗಿಯನ್ನು ರಾಜಧಾನಿ ಮಾಡಿಕೊಂಡಿದ್ದ ಅಲಾವುದ್ದೀನ್ ಬಹಮನ್ ಷಹನಿಗೆ. ಕಲ್ಯಾಣವೂ ಆ ರಾಜ್ಯದ್ದೇ. ಹೀಗೆ ಚರಕದ ಆ ಪಾರಸಿ ಮಾತು ಕೇಳಿಬಂದುದು ನಮ್ಮ ಹೊಸ್ತಿಲಲ್ಲಿ. ೧೯೮೦ರಲ್ಲಿ ವಿಜಯಾ ರಾಮಸ್ವಾಮಿಯವರು ರೆಮ್ಮವ್ವೆಯ ವಚನವನ್ನು ಎತ್ತಿ ತೋರಿಸಿ, ಹನ್ನೆರಡನೆಯ ಶತಮಾನದ ಕನ್ನಡ ಹೆಂಗಸಿನ ಮುಂದೆ ರಾಟೆ ಇದ್ದಿತಲ್ಲ ಎಂದು ಕೇಳಿದರು.

ವಚನಗಳ ಓಲೆಗರಿಗಳು ಬಸವಣ್ಣನವರ ಕಾಲದವಲ್ಲ, ಬಹುಪಾಲು ಹದಿನೈದನೆಯ ಶತಮಾನದ ಮತ್ತು ಅದರ ಈಚಿನ ಪ್ರತಿಗಳು. ಆದುದರಿಂದ ಸಂಶಯಪಡುವವರನ್ನು ದೂರುವಂತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆ ವಚನವನ್ನು ಕಟ್ಟಿದವಳು ಯಾವ ಶತಮಾನದವಳೇ ಆಗಲಿ, ರಾಟೆಯ ಮುಂದೆ ಕಾಲು ಮಡಿಸಿ ಕುಳಿತು ಮೊಣಕಾಲು ನೋಯಿಸಿಕೊಂಡವಳು ಎಂಬುದರಲ್ಲಿ ಸಂದೇಹವಿಲ್ಲ. ದೂರದಿಂದ ನೋಡಿದವರಿಗೆ ಯಂತ್ರದ ಬಿಡಿಭಾಗಗಳ ಹೆಸರು ಹಾಗೆ ನಾಲಿಗೆಗೆ ಬರುವುದಿಲ್ಲ. ಇಸಾಮಿಗೆ ಚರಕವೆಂದರೆ ಹೆಂಗಸನ್ನು ಕೂರಿಸುವ ಜಾಗ. ರೆಮ್ಮವ್ವೆಗೆ ಅದು ಆಕೆಯ ಅನ್ನ, ಆಕೆಯ ದೇವರು. ಒಂದೇ ವಸ್ತುವಿನ ಬಗ್ಗೆ ಎರಡು ಸಾಕ್ಷಿಗಳು. ಯಾರ ಮಾತು ಹೆಚ್ಚು ಬಾಳುವುದೆಂದು ನಾನು ಹೇಳಬೇಕಾಗಿಲ್ಲ.

ಆದರೆ ರಾಟೆ ಮುಖ್ಯವಾಗಿ ಹತ್ತಿಯ ಸಾಧನ. ಕೈಗದಿರಿಗಿಂತ ಹಲವು ಪಟ್ಟು ಬೇಗ ನೂಲುತ್ತದೆ, ನಿಜ. ಆದರೆ ಅದು ಕುಳಿತ ಕಡೆಯೇ ಕುಳಿತಿರಬೇಕು. ಕುರಿ ಕುಳಿತುಕೊಳ್ಳುವುದಿಲ್ಲ. ಹಟ್ಟಿಯಲ್ಲಿ ಉಳಿಯುವ ಹೆಂಗಸರು ಉಣ್ಣೆಗೂ ರಾಟಿ ಹೂಡುತ್ತಾರೆ. ಮಂದೆಯೊಡನೆ ಅಡವಿ ಸುತ್ತುವವರಿಗೆ ಕದಿರೇ ಗತಿ. ಆಂಡೀಸಿನಲ್ಲೂ ಕಾರಣ ಇದೇ. ಚಕ್ರ ಕಂಡುಹಿಡಿಯದಷ್ಟು ಆ ಜನ ಹಿಂದುಳಿದಿದ್ದರೆಂದು ಹಿಂದೆ ಕೆಲವರು ಬರೆದರು. ನಡೆಯುವವನಿಗೆ ನಡೆಯುವ ಸಾಧನವೇ ಬೇಕೆಂಬ ಸರಳ ವಿಷಯ ಅವರಿಗೆ ಹೊಳೆಯಲಿಲ್ಲ. ಹೀಗಾಗಿ ಹತ್ತಿ ನೂತವಳು ಕಲ್ಯಾಣದ ಬೀದಿಯಲ್ಲಿದ್ದು ಅನುಭವದ ಮಾತುಗಳನ್ನು ಕೇಳಿದಳು, ತಾನೂ ಆಡಿದಳು. ಉಣ್ಣೆ ನೂತವಳು ಊರ ಹೊರಗಿನ ಹಟ್ಟಿಯಲ್ಲಿ ಉಳಿದಳು. ಅವಳ ವಚನ ನಮಗೆ ಸಿಕ್ಕಿಲ್ಲ.

ಅವಳ ಗುರುತು ಇರುವುದು ಆಚಾರದಲ್ಲಿ. ಕುರುಬರಲ್ಲಿ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂದು ಎರಡು ಪಂಗಡಗಳು. ಮದುವೆಯಲ್ಲಿ ವಧೂವರರ ಮಣಿಕಟ್ಟಿಗೆ ಕಟ್ಟುವ ದಾರ ಯಾವುದೆಂಬುದೇ ಭೇದ. ಒಂದು ಸಮಾಜ ತನ್ನ ಒಳಗನ್ನು ಭೂಮಿಯಿಂದಲೋ ಮೂಲಪುರುಷನಿಂದಲೋ ವಿಂಗಡಿಸಿಕೊಳ್ಳುವುದನ್ನು ಕೇಳಿದ್ದೇವೆ. ನೂಲಿನಿಂದ ವಿಂಗಡಿಸಿಕೊಂಡುದು ಅಪರೂಪ. ಬೀರಪ್ಪನ ಪೂಜೆಗೆ, ಪಂಚರ ಗದ್ದಿಗೆಗೆ ಕಂಬಳಿ ಹಾಸಬೇಕು. ಮೈಲಾರಲಿಂಗನ ಗೊರವಯ್ಯನ ಮೈಮೇಲೆ ಕಂಬಳಿಯ ನಿಲುವಂಗಿ ಇರಲೇಬೇಕು.

ಕೈಯಿಂದ ನೂಲುವುದು ಈಗ ಯೂರೋಪು ಅಮೆರಿಕಗಳಲ್ಲಿ ವಿದ್ಯಾವಂತರ ಹವ್ಯಾಸವಾಗಿದೆ. ಕಚೇರಿ ಕೆಲಸ ಮುಗಿಸಿ ಬಂದವರು ಸಂಜೆ ಕದಿರು ಹಿಡಿದು ಆಲ್ಪಾಕಾ ನೂಲುತ್ತಾರೆ, ಅದರ ಶಾಲು ಹೆಣೆಯುತ್ತಾರೆ. ನನ್ನ ತಂಗಿಯ ಮಗಳೊಬ್ಬಳು ಪರದೇಶದಲ್ಲಿದ್ದು ಈ ಹುಚ್ಚು ಹಚ್ಚಿಕೊಂಡಿದ್ದಾಳೆ. ರಜೆಗೆ ಬಂದಾಗ ಒಂದು ಹಿಡಿ ಹಿಂಜಿದ ಆಲ್ಪಾಕಾ ಉಣ್ಣೆಯನ್ನು ತಂದು ನನ್ನ ಕೈಗಿತ್ತಳು. ಘಾಟಬೋರಾಳಕ್ಕೆ ಹೋದಾಗ ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ, ಇನ್ನೂ ಕದಿರು ಹಿಡಿಯುವ ಒಬ್ಬ ಮುದುಕಿಯ ಮುಂದಿಟ್ಟು, “ಆಯಿ, ಇದು ಎಂಥಾ ಉಣ್ಣಿ ನೋಡ್ರಿ” ಎಂದೆ.

ಆಕೆ ಬೆರಳುಗಳ ನಡುವೆ ಹೊಸಕಿ, ಮೂಗಿಗೆ ಹಿಡಿದು, “ಕುರೀದಲ್ಲ ತಮ್ಮಾ ಇದು. ಜಿಡ್ಡೇ ಇಲ್ಲ ಇದ್ರಾಗ” ಎಂದಳು. ಕದಿರಿಗೆ ಹಚ್ಚಿದಾಗ ಮೊದಲ ಎರಡು ಸಲ ಎಳೆ ಜಾರಿ ಕದಿರು ನೆಲಕ್ಕೆ ಬಿದ್ದಿತು. “ಜಾರ್ತದ ನೋಡು, ಒಂದಕ್ಕೊಂದು ಹಿಡ್ಕೊಳ್ಳವಲ್ದು” ಎಂದು ಗೊಣಗಿ, ಮೂರನೆಯ ಸಲ ಹುರಿ ಹೆಚ್ಚು ಕೊಟ್ಟಳು. ಸಣ್ಣನೆಯ, ಸಮನಾದ ನೂಲು ಇಳಿಯತೊಡಗಿತು. ಆಲ್ಪಾಕಾದಲ್ಲಿ ಕುರಿಯ ಉಣ್ಣೆಯ ಜಿಡ್ಡು ಇಲ್ಲವೆಂಬುದನ್ನೂ, ಅದರ ಎಳೆಯ ಮೇಲಿನ ಪೊರೆಗಳು ತಗ್ಗಾಗಿರುವುದರಿಂದ ನುಣುಪು ಹೆಚ್ಚೆಂಬುದನ್ನೂ, ಆದಕಾರಣ ಹುರಿ ಹೆಚ್ಚು ಬೇಕೆಂಬುದನ್ನೂ ನಾನು ಪುಸ್ತಕದಿಂದ ತಿಳಿದಿದ್ದೆ. ಆಕೆ ಐದು ನಿಮಿಷದಲ್ಲಿ ಬೆರಳಿನಿಂದ ತಿಳಿದಳು. ಒಂದು ಕಂಬಳಿಯ ನೂಲಿಗೆ ಎಷ್ಟು ದಿನ ಹಿಡಿಯುತ್ತದೆಂದು ಕೇಳಿದುದಕ್ಕೆ ಆಕೆ ನಕ್ಕಳು: “ಲೆಕ್ಕಾ ಯಾರ್ ಇಟ್ಟಾರ? ರೊಟ್ಟಿ ಬಡದು, ಕೂಸಿಗೆ ಹಾಲು ಕುಡಿಸಿ, ಉಳದ ಹೊತ್ತಿನ್ಯಾಗ ನೂತೀವಿ.” ಆಲ್ಪಾಕಾದ ಬಗ್ಗೆ ಆಕೆಯ ತೀರ್ಪು ಹೀಗಿತ್ತು: “ರಾಜರ ಮಕ್ಕಳಿಗೆ ಛಲೋ. ಮಳ್ಯಾಗ ಕುರಿ ಹಿಂದ ಹೋಗವ್ರಿಗಲ್ಲ.” ಇಂಕಾ ಅರಸರ ಹೆಸರನ್ನು ಆಕೆ ಕೇಳಿರಲಾರಳು.

ಇಂಥ ಬೆರಳುಗಳು ಈಗ ಕಡಿಮೆಯಾಗುತ್ತಿವೆ. ಕಾರಣಗಳನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮಳೆಗೆ ಪ್ಲಾಸ್ಟಿಕ್ ಹಾಳೆ ಬಂದಿತು. ಚಳಿಗೆ ಪಾಣಿಪತ್ತಿ‌ನ ಅಗ್ಗದ ರಗ್ಗು ಬಂದಿತು. ಆ ರಗ್ಗಿನ ಚರಿತ್ರೆಯೂ ವಿಚಿತ್ರ: ಚಳಿದೇಶದವರು ತೊಟ್ಟು ಬಿಸುಟ ಉಣ್ಣೆಯ ಸ್ವೆಟರು ಕೋಟುಗಳನ್ನು ಮೂಟೆ ಮೂಟೆಯಾಗಿ ತರಿಸಿ, ಚಿಂದಿ ಮಾಡಿ, ಮತ್ತೆ ನೂತು ಅಲ್ಲಿಯ ಗಿರಣಿಗಳು ದಶಕಗಳ ಕಾಲ ರಗ್ಗು ನೇಯ್ದವು. ಈಚೆಗೆ ಆ ಸ್ಥಾನಕ್ಕೆ ಪಾಲಿಯೆಸ್ಟರ್ ಬಂದಿದೆ. ಕುರಿಯ ಬೆಲೆಯೆಲ್ಲ ಈಗ ಮಾಂಸದಲ್ಲಿ. ಉಣ್ಣೆಯಿಲ್ಲದ, ಬೇಗ ಮೈತುಂಬುವ ತಳಿಗಳು ದಖನಿ ಕುರಿಯ ಮಂದೆಗೆ ಸೇರಿವೆ. ಉಣ್ಣೆ ಕತ್ತರಿಸುವವನ ಕೂಲಿ ಉಣ್ಣೆಯ ಬೆಲೆಯನ್ನು ಮೀರಿದುದರಿಂದ, ಕತ್ತರಿಸಿದ್ದನ್ನು ಹೊಲದ ಬದುವಿನಲ್ಲಿಯೇ ಬಿಟ್ಟು ಹೋಗುವುದೂ ಉಂಟು. ಕುರಿ ಇದೆ, ಉಣ್ಣೆ ಬೆಳೆಯುತ್ತಿದೆ. ಆದರೂ ಅದು ಕಸ. ನೂಲುವವರಿಲ್ಲದ ಉಣ್ಣೆಗೆ ಬೇರೆ ಹೆಸರಿಲ್ಲ. ಲಿವರ್‌ಪೂಲಿನ ಉಗ್ರಾಣದಲ್ಲಿ ೧೮೩೬ರವರೆಗೆ ಆಲ್ಪಾಕಾದ ಅವಸ್ಥೆಯೂ ಇದೇ ಆಗಿತ್ತಲ್ಲವೆ? ಅಲ್ಲಿ ಒಬ್ಬ ಸಾಲ್ಟ್ ಬಂದನು, ಯಂತ್ರವನ್ನು ಆ ಎಳೆಗೆ ಒಗ್ಗಿಸಿದನು. ದಖನಿಯ ದಪ್ಪ, ಮೋಟು ಎಳೆ ಗಿರಣಿಯ ನಯವಾದ ನೂಲಿಗೆ ಒಗ್ಗುವಂಥದಲ್ಲ. ಅದು ಬಗ್ಗುವುದು ಕೈಗೆ.

ಹಟ್ಟಿಯಲ್ಲಿ ಈಗ ಯಾರು ನೂಲುತ್ತಾರೆಂದು ಆ ಮುದುಕಿಯನ್ನು ಕೇಳಿದೆ. ಸೊಸೆ ನೂಲುವುದಿಲ್ಲ, ಕೂಲಿಗೆ ಹೋದರೆ ಸಂಜೆಗೆ ರೊಕ್ಕ ಕೈಗೆ ಬರುತ್ತದೆ. ಮೊಮ್ಮಗಳು ಹುಮನಾಬಾದಿನ ಶಾಲೆಗೆ ಹೋಗುತ್ತಾಳೆ. ಇದನ್ನು ಆಕೆ ದುಃಖವೆಂದು ಹೇಳಲಿಲ್ಲ. ಮೊಮ್ಮಗಳ ಮಾತು ಬಂದಾಗ ದನಿಯಲ್ಲಿ ಹೆಮ್ಮೆಯೇ ಇತ್ತು. ಲಗ್ನದ ದಿನಗಳಲ್ಲಿ ಮಾತ್ರ ಸುತ್ತಿನ ಊರುಗಳಿಂದ ಯಾರಾದರೂ ಕಂಕಣಕ್ಕೆಂದು ಉಣ್ಣೆದಾರ ಕೇಳಿಕೊಂಡು ಆಕೆಯ ಬಾಗಿಲಿಗೆ ಬರುತ್ತಾರಂತೆ. ಅಂಗಡಿಯ ದಾರ ನಡೆಯುವುದಿಲ್ಲ, ಕೈಯಲ್ಲಿ ನೂತದ್ದೇ ಬೇಕು. ಒಂದು ಲಗ್ನಕ್ಕೆ ಎರಡು ಮೊಳ ಸಾಕು. ಅದಕ್ಕೆ ಆಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.